ಬೇಲಿಯ ಬುಡದಲ್ಲಿ ನಿಂತ ಚಳಿ

2006ರ ಚಳಿಗಾಲದಲ್ಲಿ ನಾನು ಮೆಲ್ಬರ್ನ್ ನಗರದ ಪೂರ್ವಕ್ಕಿರುವ ಬೆಟ್ಟಸಾಲಿನ ಒಂದು ದೊಡ್ಡ ಕಾಡುತೋಟದಲ್ಲಿ ಸಸ್ಯವಿಭಾಗದ ಮೇಲ್ವಿಚಾರಕಿಯಾಗಿದ್ದೆ. ಕಾಡುತೋಟ ಎಂದರೆ ಪೂರ್ತಿ ಕಾಡೂ ಅಲ್ಲ, ಪೂರ್ತಿ ತೋಟವೂ ಅಲ್ಲ. ಎತ್ತರದ ನೀಲಗಿರಿ ಮರಗಳನ್ನು ಹಾಗೆಯೇ ಉಳಿಸಿಕೊಂಡು, ಅವುಗಳ ನೆರಳಿನಲ್ಲಿ ಇಳಿಜಾರಿನುದ್ದಕ್ಕೂ ಹೂಪೊದೆಗಳನ್ನು ಬೆಳೆಸಿದ ಜಾಗ. ಇಲ್ಲಿ ಜೂನ್, ಜುಲೈ ಎಂದರೆ ಚಳಿಗಾಲ. ಬೇರೆ ತೋಟಗಳು ಬೋಳಾಗಿ ನಿಂತಿರುವಾಗ ನಮ್ಮಲ್ಲಿ ಕಮೀಲಿಯ, ಡ್ಯಾಫ್ನಿ, ಲುಕ್ಯೂಲಿಯ ಪೊದೆಗಳು ಹೂ ಬಿಡುತ್ತಿದ್ದವು. ಅದನ್ನು ನೋಡಲೆಂದೇ ಜನ ಸ್ವೆಟರ್ ಮೇಲೆ ಸ್ವೆಟರ್ ಏರಿಸಿಕೊಂಡು ಬರುತ್ತಿದ್ದರು.

ಇವುಗಳಲ್ಲಿ ಲುಕ್ಯೂಲಿಯ ಬಲು ನಾಜೂಕಿನ ಗಿಡ. ಗೊಂಚಲು ಗೊಂಚಲಾಗಿ ತಿಳಿಗುಲಾಬಿ ಹೂ, ಹತ್ತು ಹೆಜ್ಜೆ ದೂರದಿಂದಲೇ ಮೂಗಿಗೆ ಬರುವ ಪರಿಮಳ. ಆದರೆ ಫ್ರಾಸ್ಟ್ ಎಂದರೆ ಅದಕ್ಕೆ ಆಗದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು, ಎಲೆಯ ಮೇಲಿನ ಇಬ್ಬನಿ ಹೆಪ್ಪುಗಟ್ಟುವುದನ್ನು ಫ್ರಾಸ್ಟ್ ಎನ್ನುತ್ತೇವೆ. ಎಲೆಯೊಳಗಿನ ನೀರೂ ಹೆಪ್ಪುಗಟ್ಟಿದರೆ ಜೀವಕೋಶ ಒಡೆಯುತ್ತದೆ. ಬಿಸಿಲೇರಿದ ಮೇಲೆ ಎಲೆ, ಹೂವು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬೀಳುತ್ತವೆ.

ನನ್ನ ಕೈಕೆಳಗಿದ್ದ ತೋಟಗಾರರಲ್ಲಿ ಲೋಕೇಶ ಒಬ್ಬ. ಅರಸೀಕೆರೆ ಕಡೆಯವನು. ಸಿಡ್ನಿಯಲ್ಲಿ ತೋಟಗಾರಿಕೆಯ ಡಿಪ್ಲೊಮಾ ಮುಗಿಸಿ, ಡ್ಯಾಂಡಿನಾಂಗ್‌ನಲ್ಲಿ ರೂಮು ಮಾಡಿಕೊಂಡು, ದಿನಾ ರೈಲು, ಬಸ್ಸು ಹಿಡಿದು ಬೆಟ್ಟ ಹತ್ತಿ ಬರುತ್ತಿದ್ದ. ಆ ದಿನಗಳಲ್ಲಿ ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ಪರವಾನಗಿ, ಸಿಗುತ್ತದೆಂದು ಅಡುಗೆ, ಕ್ಷೌರ, ತೋಟಗಾರಿಕೆ ಎಂದು ಸಿಕ್ಕಿದ ಕೋರ್ಸಿಗೆ ಸೇರಿದ ನಮ್ಮ ಹುಡುಗರು ಬೇಕಾದಷ್ಟಿದ್ದರು. ಗಿಡವೆಂದರೆ ಜೀವ ಬಿಡುತ್ತಿದ್ದವನು ನನಗೆ ಕಂಡಂತೆ ಇವನೊಬ್ಬನೇ. ಅವನ ವೀಸಾ ಆಗಸ್ಟ್ ಕೊನೆಗೆ ಮುಗಿಯುವುದಿತ್ತು. ತೋಟದ ಸಮಿತಿ ಸ್ಪಾನ್ಸರ್ ಮಾಡಿದರೆ ಇರಬಹುದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಕೆಳಗಿನ ಲುಕ್ಯೂಲಿಯ ಪಾತಿ ಈ ತುದಿಯಿಂದ ಆ ತುದಿಯವರೆಗೆ ಕಪ್ಪಾಗಿತ್ತು. ಮೂವತ್ತು ವರ್ಷ ಒಮ್ಮೆಯೂ ಫ್ರಾಸ್ಟಿಗೆ ಸುಡದ ಪಾತಿ ಅದು. ಸಮಿತಿಯ ಅಧ್ಯಕ್ಷ ಗ್ರಹಾಂ ಅಂದೇ ಬಂದರು. ಎಪ್ಪತ್ತು ದಾಟಿದ ನೇರ ಮನುಷ್ಯ, ಮುಂಗೋಪಿ. ಆ ಗಿಡಗಳಲ್ಲಿ ಅರ್ಧವನ್ನು ಅವರೂ ಅವರ ತೀರಿಹೋದ ಹೆಂಡತಿಯೂ ಸೇರಿ ನೆಟ್ಟಿದ್ದರು. ಹಾಗಾಗಿ ಅವರ ಕೋಪದ ಮೇಲೆ ನನಗೆ ಕೋಪ ಬರಲಿಲ್ಲ.

ಪಾತಿಯ ನೆಲ ಬೋಳಾಗಿರುವುದು ಅವರ ಕಣ್ಣಿಗೆ ಬಿತ್ತು. “ಇಲ್ಲಿದ್ದ ತರಗೆಲೆ ತೆಗೆದವರು ಯಾರು?” ಎಂದು ಕೇಳಿದರು. ಲೋಕೇಶ ಗುಡಿಸಿದ್ದ. ನೆಲದ ಮೇಲೆ ಕಸ ಕಂಡರೆ ನಮ್ಮವರ ಕೈ ಸುಮ್ಮನಿರುವುದಿಲ್ಲ, ಅಂಗಳವಾದರೇನು, ಕಾಡಾದರೇನು. ತರಗೆಲೆ ಗಿಡಕ್ಕೆ ಹೊದಿಕೆ, ಅದನ್ನು ಎಳೆದುಹಾಕಿದ್ದರಿಂದಲೇ ಗಿಡ ಸತ್ತಿತು ಎಂಬುದು ಗ್ರಹಾಂ ಅವರ ತೀರ್ಮಾನ. ನಾನು ಬಾಯಿ ತೆರೆಯುವಷ್ಟರಲ್ಲಿ ಲೋಕೇಶ ಒಂದು ಹೆಜ್ಜೆ ಮುಂದೆ ಬಂದು, ತಲೆ ತಗ್ಗಿಸಿ, “ಸಾರಿ ಸರ್. ಮೈ ಮಿಸ್ಟೇಕ್” ಎಂದುಬಿಟ್ಟ.

ಫ್ರಾಸ್ಟ್ ಹೊಡೆದ ಗಿಡದ ಬಗ್ಗೆ ವಸಂತದವರೆಗೆ ಏನನ್ನೂ ಹೇಳಲಾಗದು, ಕಾಯೋಣ ಎಂದೆ. ಗ್ರಹಾಂ ಒಪ್ಪಿದರು, ಗಿಡದ ಮಟ್ಟಿಗೆ. “ಆ ಹುಡುಗನ ವಿಷಯದಲ್ಲಿ ಕಾಯುವುದಕ್ಕೇನಿದೆ? ಅವನೇ ಒಪ್ಪಿಕೊಂಡಿದ್ದಾನಲ್ಲ. ಅವನ ಸ್ಪಾನ್ಸರ್ ಅರ್ಜಿಗೆ ನಾನು ಸಹಿ ಹಾಕುವುದಿಲ್ಲ” ಎಂದು ಕಾರು ಹತ್ತಿದರು.

ಶೆಡ್ಡಿನಲ್ಲಿ ಲೋಕೇಶನನ್ನು ಕೂರಿಸಿಕೊಂಡು ಕೇಳಿದೆ. “ಯಾಕೋ ಹಾಗಂದೆ?”

“ದೊಡ್ಡೋರು ಆಂಟಿ, ಸಿಟ್ಟಲ್ಲಿದ್ರು. ಎದುರು ಮಾತಾಡೋದು ಚೆನ್ನಾಗಿರಲ್ಲ. ಸಾರಿ ಅಂದ್ರೆ ಅಲ್ಲಿಗೆ ಮುಗಿಯುತ್ತೆ ಅನ್ಕೊಂಡೆ.”

“ಮುಗೀತು ಕಣೋ. ನಿನ್ನ ಕೆಲಸ.”

ನಮ್ಮಲ್ಲಿ ಹಿರಿಯರು ರೇಗಿದಾಗ ‘ತಪ್ಪಾಯ್ತು’ ಎನ್ನುವುದು ಮರ್ಯಾದೆಯ ಮಾತು. ತಪ್ಪು ಯಾರದ್ದು ಎಂಬ ಲೆಕ್ಕ ಅದರಲ್ಲಿರುವುದಿಲ್ಲ. ಇಲ್ಲಿ ಅದು ತಪ್ಪೊಪ್ಪಿಗೆ. ಇಷ್ಟು ವಿವರಿಸುವಷ್ಟರಲ್ಲಿ ಹುಡುಗನ ಮುಖ ಬಿಳಿಚಿಕೊಂಡಿತು. ವಸಂತದಲ್ಲಿ ಗಿಡ ಚಿಗುರಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಸಮಾಧಾನ ಹೇಳಹೊರಟೆ. ಅವನು ಮೆಲ್ಲಗೆ, “ಗಿಡ ಸೆಪ್ಟೆಂಬರ್‌ವರೆಗೂ ಕಾಯುತ್ತೆ ಆಂಟಿ. ನನ್ನ ವೀಸಾ ಕಾಯಲ್ಲ” ಎಂದ.

ಮರುದಿನದಿಂದ ನಾನು ಇಳಿಜಾರನ್ನು ಮೇಲಿಂದ ಕೆಳಕ್ಕೆ ನಡೆದು ನೋಡತೊಡಗಿದೆ. ತರಗೆಲೆಯ ವಾದ ನನಗೆ ಮೊದಲಿನಿಂದಲೂ ಒಪ್ಪಿಗೆಯಾಗಿರಲಿಲ್ಲ. ಹಗಲು ಬಿಸಿಲು ಕುಡಿದ ತೇವದ ಬರಿನೆಲ ರಾತ್ರಿ ಶಾಖ ಬಿಟ್ಟು ಗಿಡವನ್ನು ಅಷ್ಟಿಷ್ಟು ಕಾಯುತ್ತದೆ. ದಪ್ಪ ಎಲೆಹಾಸು ಆ ಶಾಖವನ್ನು ನೆಲದಲ್ಲೇ ಹಿಡಿದಿಡುತ್ತದೆ. ಪಕ್ಕದಲ್ಲೇ ಇನ್ನೊಂದು ಪಾತಿಯಿತ್ತು. ಅಲ್ಲಿ ಯಾರೂ ಗುಡಿಸಿರಲಿಲ್ಲ, ಪಾದ ಮುಳುಗುವಷ್ಟು ಎಲೆ ಬಿದ್ದಿತ್ತು. ಅಲ್ಲಿನ ಪೊದೆಗಳೂ ಸುಟ್ಟಿದ್ದವು. ಇನ್ನೂ ವಿಚಿತ್ರವೆಂದರೆ ಎರಡೂ ಪಾತಿಗಳಲ್ಲಿ ಸುಟ್ಟ ಗುರುತು ಒಂದೇ ಮಟ್ಟಕ್ಕೆ ನಿಂತಿತ್ತು. ಆ ಮಟ್ಟಕ್ಕಿಂತ ಮೇಲಿನ ಕೊಂಬೆಗಳಲ್ಲಿ ಹೂ ಹಾಗೇ ಇತ್ತು. ತೊಟ್ಟಿಯ ಗೋಡೆಯಲ್ಲಿ ನೀರು ನಿಂತ ಗುರುತು ಇರುತ್ತದಲ್ಲ, ಹಾಗೆ.

ತಣ್ಣನೆಯ ಗಾಳಿ ಭಾರ, ಅದೂ ನೀರಿನಂತೆ ಇಳಿಜಾರು ಹಿಡಿದು ಕೆಳಕ್ಕೆ ಹರಿಯುತ್ತದೆ. ಮೂವತ್ತು ವರ್ಷ ಅದು ಪಾತಿಗಳನ್ನು ದಾಟಿ ಕೆಳಗಿನ ತೊರೆಗೆ ಹರಿದು ಹೋಗುತ್ತಿತ್ತು. ಹೋದ ಬೇಸಿಗೆಯಲ್ಲಿ, ಕಾರ್ ಪಾರ್ಕ್ ಕಣ್ಣಿಗೆ ಬೀಳದಿರಲೆಂದು, ಸಂದಿಲ್ಲದಂತೆ ಹಲಗೆ ಬಡಿದ ಹೊಸ ಬೇಲಿಯೊಂದು ಪಾತಿಗಳ ಕೆಳಗೆ ಆ ಗಾಳಿಗೆ ಅಡ್ಡವಾಗಿ ಎದ್ದಿತ್ತು. ಹಾಕಿಸಿದವರು ಗ್ರಹಾಂ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಅವರು ನಂಬುವವರಲ್ಲ. ಆಕಾಶ ಶುಭ್ರವಾಗಿದ್ದ ಒಂದು ಮುಂಜಾನೆ, ಸೂರ್ಯ ಹುಟ್ಟುವ ಮೊದಲೇ ಅವರನ್ನು ಕರೆಸಿದೆ. ಮನೆಯಿಂದ ಧೂಪದ ಬಟ್ಟಲು ತಂದಿದ್ದೆ. ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಪಾತಿಯ ಮೇಲ್ತುದಿಯಲ್ಲಿಟ್ಟೆ. ಹೊಗೆ ಮೊದಲು ಸ್ವಲ್ಪ ಎದ್ದಿತು, ಆಮೇಲೆ ತಣ್ಣಗಾಗಿ ಬಾಗಿತು. ಮೊಣಕಾಲೆತ್ತರದಲ್ಲಿ ನಿಧಾನವಾಗಿ ಪೊದೆಗಳ ನಡುವೆ ಇಳಿದು ಹೋಯಿತು. ಬೇಲಿ ಮುಟ್ಟಿ ನಿಂತಿತು. ನಿಂತಲ್ಲೇ ದಟ್ಟವಾಗುತ್ತ, ಸುಟ್ಟ ಗುರುತಿನವರೆಗೆ ತುಂಬಿಕೊಂಡಿತು.

ಗ್ರಹಾಂ ಬೇಲಿಯವರೆಗೆ ಇಳಿದು ಹೋಗಿ ನೋಡಿ ಬಂದರು. ಕೊನೆಗೆ, “ಹಾಗಾದರೆ ಅವನು ಒಪ್ಪಿಕೊಂಡದ್ದು ಯಾಕೆ?” ಎಂದರು.

“ನೀವು ಹಿರಿಯರು, ಸಿಟ್ಟಿನಲ್ಲಿದ್ದಿರಿ. ಅವನು ನಿಮ್ಮ ವಯಸ್ಸಿಗೆ ಕೊಟ್ಟ ಗೌರವ ಅದು” ಎಂದೆ.

ಅವರು ತಲೆಯಾಡಿಸಿದರು. ಆದರೆ ತಪ್ಪು ತನ್ನದಲ್ಲ ಎಂದು ಸಮಿತಿಯ ಮುಂದೆ ಅವನೇ ಬಂದು ಹೇಳಬೇಕು, ಇನ್ನೊಬ್ಬರು ಹೇಳಿದರೆ ಸಾಲದು ಎಂದರು. ನ್ಯಾಯವಾದ ಮಾತೇ. ಲೋಕೇಶನಿಗೆ ಮಾತ್ರ ವೀಸಾ ಕಳೆದುಕೊಳ್ಳುವುದಕ್ಕಿಂತ ಅದೇ ಕಷ್ಟವಾಯಿತು. “ಅವರ ಮುಖ ನೋಡ್ಕೊಂಡು ಹೆಂಗೆ ಹೇಳ್ಲಿ ಆಂಟಿ?” ಎಂದು ಎರಡು ದಿನ ನನ್ನ ಹಿಂದೆ ಸುತ್ತಿದ.

ಸಭೆಯಲ್ಲಿ ಎದ್ದು ನಿಂತವನು ಮೇಜನ್ನೇ ನೋಡುತ್ತಿದ್ದ. “ನಾನು ಎಲೆ ಗುಡಿಸಿದ್ದು ನಿಜ. ಗಿಡ ಸುಟ್ಟಿದ್ದು ಅದರಿಂದಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳಿ ನಿಲ್ಲಿಸಿದ.

“ಮತ್ತೆ ಯಾವುದರಿಂದ?” ಎಂದು ಗ್ರಹಾಂ ಕೇಳಿದರು.

“ಬೇಲಿಯಿಂದ, ಸರ್.”

“ಯಾರ ಬೇಲಿ?”

ಲೋಕೇಶ ತಲೆಯೆತ್ತಿದ. ಕಣ್ಣಲ್ಲಿ ನೀರಿತ್ತು. “ನಿಮ್ಮದು, ಸರ್” ಎಂದ.

“ಹೌದು. ನನ್ನದು” ಎಂದು ಗ್ರಹಾಂ ಪೆನ್ನು ತೆಗೆದರು.

ಅದೇ ವಾರ ಬೇಲಿಯ ಕೆಳಗಿನ ಹಲಗೆಗಳನ್ನು ಬಿಚ್ಚಿದೆವು. ಸೆಪ್ಟೆಂಬರಿನಲ್ಲಿ ಲುಕ್ಯೂಲಿಯಗಳ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದಾಗ ಹೆಚ್ಚಿನವುಗಳಲ್ಲಿ ಹಸಿರು ಕಂಡಿತು, ಬುಡದಿಂದ ಚಿಗುರೂ ಬಂತು. ಕೆಲವು ಸತ್ತಿದ್ದವು. ಅವುಗಳಲ್ಲಿ ಗ್ರಹಾಂ ಅವರ ಹೆಂಡತಿ ಕೈಯಾರೆ ನೆಟ್ಟದ್ದೂ ಒಂದು. ಅದಕ್ಕೆ ನನಗೆ ಇಂದಿಗೂ ಬೇಸರವಿದೆ.

ಕಾಯುವುದು ನಮ್ಮ ವೃತ್ತಿಯ ಮೊದಲ ಪಾಠ. ಕಪ್ಪಾದ ಕೊಂಬೆಗೆ ಆತುರದಿಂದ ಕತ್ತರಿ ಹಾಕಬಾರದು, ಜೀವ ಇದೆಯೋ ಇಲ್ಲವೋ ಎಂದು ವಸಂತವೇ ಹೇಳುತ್ತದೆ. ಮೂವತ್ತು ವರ್ಷ ಅದನ್ನೇ ನಂಬಿ ಕೆಲಸ ಮಾಡಿದೆ, ಇನ್ನೂ ನಂಬುತ್ತೇನೆ. ಆದರೆ ಆ ನಿಯಮ ಗಿಡಕ್ಕಷ್ಟೇ. ಮನುಷ್ಯನ ಮೇಲೆ ಮಾಡದ ತಪ್ಪಿನ ಹೊರೆ ಕೂತಿದ್ದರೆ ಅದನ್ನು ಚಳಿಗಾಲದಲ್ಲೇ ಇಳಿಸಬೇಕು. ವಸಂತಕ್ಕೆಂದು ಕಾದರೆ, ಅದು ಬರುವ ಹೊತ್ತಿಗೆ ಅವನು ಅಲ್ಲಿ ಇರುವುದಿಲ್ಲ.