ಟೆಂಟಿನ ಹಿಂದೆ ಕೇಳಿದ ಸಂಗೀತ

ಸಿನಿಮಾ ಸಂಗೀತದ ಮಾತು ಬಂದರೆ ಎಲ್ಲರೂ ಹಾಡುಗಳ ಹಿಂದೆಯೇ ಹೋಗುತ್ತಾರೆ. ಹಾಡಿದವರು ಯಾರು, ಕುಣಿದವರು ಯಾರು, ಇಷ್ಟೇ. ನನಗೆ ಹಾಡುಗಳ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಮಾತು ನಿಂತು, ಹಾಡೂ ಇಲ್ಲದೆ, ಬರೀ ವಾದ್ಯಗಳು ನುಡಿಯುವ ಜಾಗಗಳಿರುತ್ತವಲ್ಲ, ನನಗೆ ಬೇಕಾದದ್ದು ಅವು. ಯಾಕೆಂದರೆ ನಾನು ಸಿನಿಮಾ ನೋಡಿದವಳಲ್ಲ, ಕೇಳಿದವಳು.

ಐವತ್ತರ ದಶಕದಲ್ಲಿ ಹೈಸ್ಕೂಲು ಓದಲೆಂದು ನಾನು ಪುತ್ತೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ನಮ್ಮ ಮನೆ ಸುಳ್ಯದ ಕಡೆ, ಬಸ್ಸಿಳಿದು ಮತ್ತೂ ನಡೆಯಬೇಕಾದಷ್ಟು ಒಳಗೆ. ಚಿಕ್ಕಮ್ಮನ ಹಿತ್ತಲ ಬೇಲಿಯಾಚೆ ಒಂದು ಗದ್ದೆ. ಕೊಯ್ಲು ಮುಗಿದ ಮೇಲೆ ಅಲ್ಲಿ ಟೂರಿಂಗ್ ಟಾಕೀಸಿನ ಟೆಂಟು ಏಳುತ್ತಿತ್ತು, ಮಳೆ ಹಿಡಿಯುವ ಮೊದಲು ಹೋಗುತ್ತಿತ್ತು. ಪರದೆ ಇದ್ದದ್ದು ನಮ್ಮ ಬೇಲಿಯ ಕಡೆಗೆ, ಸ್ಪೀಕರು ಅದರ ಹಿಂದೆ. ಟಿಕೆಟು ತೆಗೆದು ಕುರ್ಚಿಯಲ್ಲಿ ಕೂತವರಿಗಿಂತ ನಮಗೇ ಚೆನ್ನಾಗಿ ಕೇಳುತ್ತಿತ್ತು. ಒಳಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ನನ್ನನ್ನು ಅಲ್ಲಿ ಬಿಡುವಾಗಲೇ ಅಪ್ಪ, “ಟೆಂಟಿನ ಒಳಗೆ ಇವಳ ಕಾಲು ಬೀಳ್ಳಿಕ್ಕಿಲ್ಲ” ಎಂದು ಚಿಕ್ಕಮ್ಮನಿಂದ ಮಾತು ತೆಗೆದುಕೊಂಡಿದ್ದರು. ಕಿವಿಯ ವಿಷಯ ಅವರಿಗೆ ಹೊಳೆಯಲಿಲ್ಲ.

ಸಂಜೆ ಮೊದಲ ಆಟ ಶುರುವಾಗುವಾಗ ಹಿಂದಿನ ಜಗಲಿಯಲ್ಲಿ ಬೀಡಿ ಕಟ್ಟಲು ಕೂರುತ್ತಿದ್ದೆವು. ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಹೆಂಗಸೂ ತಮ್ಮ ಎಲೆಯ ಮೊರ ಹಿಡಿದು ಬರುತ್ತಿದ್ದರು. ಅವರ ಗಂಡ ಬೊಂಬಾಯಿಯಲ್ಲಿ ಹೋಟೆಲು ಕೆಲಸಕ್ಕಿದ್ದವರು, ಬರುವುದು ಅಪರೂಪ. ಕೈಗೆ ಕೆಲಸ, ಕಿವಿ ಖಾಲಿ. ಒಂದೇ ಸಿನಿಮಾ ಒಂದು ವಾರ ನಡೆದರೆ ಅದರ ಸಂಗೀತವೆಲ್ಲ ನನಗೆ ಬಾಯಿಪಾಠವಾಗುತ್ತಿತ್ತು.

ಆ ಸಂಗೀತ ಮಾಡಿದವರ ಹೆಸರು ನನಗೆ ಗೊತ್ತಿರಲಿಲ್ಲ. ನಾನೇ ಹೆಸರಿಟ್ಟುಕೊಂಡಿದ್ದೆ. ಒಬ್ಬರು ಪಿಟೀಲಿನವರು. ಯಾರು ಸತ್ತರೂ ಯಾರು ಮದುವೆಯಾದರೂ ಹತ್ತಾರು ಪಿಟೀಲು ಒಟ್ಟಿಗೆ ಎಳೆಯುತ್ತಿದ್ದರು, ಅದೇ ಅವರ ಬಂಡವಾಳ. ಇನ್ನೊಬ್ಬರು ಗಡಿಬಿಡಿಯವರು. ಒಂದು ಲೋಟ ಬಿದ್ದರೂ ಅವರಿಗೆ ತಾಳ ತಟ್ಟಬೇಕು. ನನಗೆ ಪ್ರೀತಿಯಿದ್ದದ್ದು ಮೂರನೆಯವರ ಮೇಲೆ. ಅವರು ಒಂದೇ ವಾದ್ಯ ಹಿಡಿದುಕೊಂಡು, ಆತುರವಿಲ್ಲದೆ, ನಡುವೆ ಸುಮ್ಮನಿದ್ದು, ಮತ್ತೆ ಬಿಟ್ಟ ಜಾಗದಿಂದಲೇ ಶುರು ಮಾಡುತ್ತಿದ್ದರು. ಅವರು ಸುಮ್ಮನಾದಾಗ ನನ್ನ ಕೈಯಲ್ಲಿದ್ದ ಬೀಡಿ ಅರ್ಧಕ್ಕೇ ನಿಲ್ಲುತ್ತಿತ್ತು. ಹೊಸ ಸಿನಿಮಾ ಬಂದ ದಿನ ಮೊದಲ ಐದು ನಿಮಿಷದಲ್ಲೇ ಇದು ಅವರದ್ದು ಎಂದು ಹೇಳಿಬಿಡುತ್ತಿದ್ದೆ. ಚಿಕ್ಕಮ್ಮ, “ನಿನಗೆ ಅವರು ಎಂತ, ಸೋದರಮಾವನಾ?” ಎಂದು ತಮಾಷೆ ಮಾಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರ ಒಂದು ಸಿನಿಮಾ ಬಂತು. ಅದರಲ್ಲಿ ಒಂದು ಕಡೆ ಕ್ಲಾರಿಯೊನೆಟ್ ಒಂದೇ ನುಡಿಯುತ್ತದೆ. ಕೆಳಗಿನ ಸ್ವರದಿಂದ ಶುರುವಾಗಿ ಒಂದೊಂದೇ ಹೆಜ್ಜೆ ಏರಿ, ಮೇಲೆ ಹೋಗಿ ನಿಂತು, ನಾಚಿಕೊಂಡು ಇಳಿದುಬರುತ್ತದೆ. ಅದು ಬಂದ ಕೂಡಲೇ ಟೆಂಟಿನೊಳಗೆ ಗಂಡಸರು ಶಿಳ್ಳೆ ಹೊಡೆಯುತ್ತಿದ್ದರು. ನಾವು ಜಗಲಿಯಲ್ಲಿ ಕೂತವರು, ಅದು ಸಂಗೀತಕ್ಕೆ ಸಿಕ್ಕಿದ ಮೆಚ್ಚುಗೆ ಎಂದು ತಿಳಿದು ಖುಷಿಪಡುತ್ತಿದ್ದೆವು.

“ಇದು ಗಂಡ ಪರವೂರಿಂದ ಬರುವ ಸಂಗೀತ ಮಾರಾಯ್ತಿ. ಬಾಗಿಲಲ್ಲಿ ನಿಂತಿದ್ದಾನೆ, ಒಳಗೆ ಬರ್ಲಿಕ್ಕೆ ನಾಚಿಕೆ” ಎಂದರು ಪಕ್ಕದ ಮನೆಯವರು. ಹೇಳುವಾಗ ಅವರ ಮುಖ ಬೇರೆಯೇ ಆಗಿತ್ತು. ನಾನೂ ಹಾಗೆಯೇ ನಂಬಿದೆ. ಅವರಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತಿರಬೇಕು?

ರಜೆಯಲ್ಲಿ ಮನೆಗೆ ಹೋದಾಗ ಅದನ್ನು ಹಾರ್ಮೋನಿಯಂನಲ್ಲಿ ಹುಡುಕಿ ಹಿಡಿದೆ. ಹಾರ್ಮೋನಿಯಂ ಅಪ್ಪನದ್ದು. ಶನಿವಾರದ ಭಜನೆಗೆಂದು ತಂದದ್ದು, ನನಗೆ ಸ್ವರ ಕಲಿಸಿದ್ದೂ ಅವರೇ. ನಮ್ಮ ಕಡೆಯ ಭಜನೆಯವರಿಗೆ ಸಿನಿಮಾ ಧಾಟಿಗೆ ದೇವರ ಹೆಸರು ಜೋಡಿಸಿಕೊಳ್ಳುವ ಅಭ್ಯಾಸವಿತ್ತು. ಧಾಟಿ ಎಲ್ಲಿಂದ ಬಂತೆಂದು ಯಾರೂ ವಿಚಾರಿಸುತ್ತಿರಲಿಲ್ಲ. ನನ್ನದನ್ನು ಕೇಳಿ ಅಪ್ಪ ಅಂಗಳದಿಂದ ಒಳಗೆ ಬಂದರು, ಇನ್ನೊಮ್ಮೆ ನುಡಿಸಲು ಹೇಳಿದರು. ಮುಂದಿನ ಶನಿವಾರ ಅದಕ್ಕೆ ರಾಮನಾಮ ಸೇರಿಸಿ ಹಾಡಿದರು. ಅಪ್ಪ ನನ್ನನ್ನು ನೋಡಿ ಹೆಮ್ಮೆಪಟ್ಟದ್ದು ನನಗೆ ನೆನಪಿರುವಂತೆ ಆಗ ಮಾತ್ರ.

ಓದು ಮುಗಿದ ವರ್ಷ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಒಳ್ಳೆಯ ಮನೆತನ, ಹುಡುಗ ಮೇಷ್ಟ್ರು. ಅವನಿಗೆ ಪಿಟೀಲು ಬರುತ್ತದೆ ಎಂದು ಕೇಳಿ ಖುಷಿಗೆ ನನಗೆ ಎರಡು ದಿನ ಊಟ ಸೇರಿರಲಿಲ್ಲ. ಅವಲಕ್ಕಿ, ಬಾಳೆಹಣ್ಣು ಆಯಿತು. ಹುಡುಗನ ಸೋದರಮಾವ ಎಲೆಯಡಿಕೆ ಜಗಿಯುತ್ತಾ, “ಹುಡುಗಿಗೆ ಹಾಡ್ಲಿಕ್ಕೆ ಬರ್ತದಾ?” ಎಂದು ಕೇಳಿದರು.

“ಹಾಡುದಕ್ಕಿಂತ ಹಾರ್ಮೋನಿಯಂ ಲಾಯ್ಕ ನುಡಿಸ್ತಾಳೆ” ಎಂದ ಅಪ್ಪ, ನನ್ನ ಕಡೆ ತಿರುಗಿ, “ಅದನ್ನೇ ನುಡಿಸು, ನಿಂದು” ಎಂದರು.

ನುಡಿಸಿದೆ. ಗಂಡ ಮನೆಗೆ ಬರುವ ಸಂಗೀತ, ಆ ದಿನಕ್ಕೆ ಅದಕ್ಕಿಂತ ಒಳ್ಳೆಯದು ಯಾವುದಿತ್ತು? ತಲೆಯೆತ್ತಿದಾಗ ಸೋದರಮಾವ ಜಗಿಯುವುದನ್ನು ನಿಲ್ಲಿಸಿದ್ದರು.

“ಎಂತ ಮಾರಾಯ್ರೆ” ಎಂದರು ಅಪ್ಪನಿಗೆ, ನಗುತ್ತಲೇ. “ಆ ಸಿನಿಮಾದಲ್ಲಿ ಸಾಹುಕಾರ ಇಟ್ಟುಕೊಂಡವಳು ಮೆಟ್ಟಿಲಿಳಿದು ಬರುವಾಗ ಬಾರಿಸುದು ಇದನ್ನೇ ಅಲ್ವಾ? ಹುಡುಗಿ ಟೆಂಟಿಗೆಲ್ಲ ಹೋಗಿ ಅಭ್ಯಾಸ ಉಂಟಾ?”

ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಶಿಳ್ಳೆಯೆಲ್ಲ ಮೆಟ್ಟಿಲಿಳಿಯುವವಳಿಗೆ ಬಿದ್ದದ್ದು. “ನಾನು ನೋಡಿಲ್ಲ, ಕೇಳಿದ್ದು ಮಾತ್ರ” ಎಂದೆ. ಹುಡುಗಿ ಎದುರು ಮಾತಾಡುತ್ತಾಳೆ ಎಂಬುದೂ ಲೆಕ್ಕಕ್ಕೆ ಸೇರಿತು. ಮೇಷ್ಟ್ರು ಅಂಗಳದಲ್ಲಿ ಬಿಟ್ಟ ತಮ್ಮ ಚಪ್ಪಲಿ ನೋಡುತ್ತಾ ಕೂತಿದ್ದರು. ಪಿಟೀಲು ಬರುವವರು ಬಾಯಿ ಬಿಟ್ಟು ಒಂದು ಮಾತು ಆಡಬಹುದಿತ್ತು, ಆಡಲಿಲ್ಲ.

ಆ ಸಂಬಂಧ ಅಲ್ಲಿಗೇ ಮುರಿಯಿತು. ಅವರು ಹೋದ ಮೇಲೆ ಅಪ್ಪ ಕೇಳಿದ್ದು ಒಂದೇ. “ನೋಡದೆ ಇಷ್ಟು ಸರಿಯಾಗಿ ನುಡಿಸ್ಲಿಕ್ಕೆ ಆಗ್ತದಾ?” ಸ್ವರ ಒಂದೂ ತಪ್ಪದಿದ್ದದ್ದೇ ನನಗೆ ಮುಳುವಾಯಿತು. ಎಡವಟ್ಟಾಗಿ ನುಡಿಸಿದ್ದರೆ ಬಚಾವಾಗುತ್ತಿದ್ದೆ. ಚಿಕ್ಕಮ್ಮ ಬಸ್ಸು ಹಿಡಿದು ಬಂದು, ಇವಳು ಟೆಂಟಿನ ಬಾಗಿಲನ್ನೂ ಕಂಡವಳಲ್ಲ ಎಂದು ದೇವರ ಮುಂದೆ ನಿಂತು ಹೇಳಿದರು. ಪಕ್ಕದ ಮನೆಯವರನ್ನು ಬೇಕಾದರೆ ಕೇಳಿ ಎಂದೆ. ಬೀಡಿ ಕಟ್ಟುವವರ ಸಾಕ್ಷಿ ಯಾರಿಗೆ ಬೇಕಿತ್ತು? ಆ ಸೋದರಮಾವನಿಗೆ ಮೆಟ್ಟಿಲ ವಿಷಯ ಹೇಗೆ ಗೊತ್ತಾಯಿತೆಂದು ಮಾತ್ರ ಯಾರೂ ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತು ನೋಡಿದವರು ಮರ್ಯಾದಸ್ಥರಾಗಿಯೇ ಉಳಿದರು. ನನಗೆ ಈಗಲೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಅಪ್ಪ ಹಾರ್ಮೋನಿಯಂ ಅನ್ನು ಊರಿನ ಭಜನಾ ಮಂದಿರಕ್ಕೆ ಕೊಟ್ಟುಬಿಟ್ಟರು. ಅಲ್ಲಿ ಹೆಂಗಸರು ವಾದ್ಯ ಮುಟ್ಟುವ ಕ್ರಮವಿರಲಿಲ್ಲ. ರಾಮನಾಮಕ್ಕೆ ಆ ಧಾಟಿಯನ್ನು ಮತ್ತೆ ಯಾರೂ ಹಾಡಲಿಲ್ಲ. ಶನಿವಾರ ಬೇರೆಯವರ ಕೈಯಲ್ಲಿ ನಮ್ಮ ಹಾರ್ಮೋನಿಯಂ ತಪ್ಪುತಪ್ಪಾಗಿ ಕೂಗುವುದನ್ನು ಮಂದಿರದ ಹೊರಗೆ ನಿಂತು ಕೇಳಬೇಕಿತ್ತು. ಒಂದೆರಡು ಸಲ ಹೋಗಿ ಆಮೇಲೆ ಬಿಟ್ಟೆ.

ಅರವತ್ತರ ದಶಕ ಶುರುವಾಗುವಾಗ ನನಗೆ ಕಡಬದ ಕಡೆ ಮದುವೆಯಾಯಿತು. ಗಂಡ ಕೆಟ್ಟವರಲ್ಲ. ಬೈದವರಲ್ಲ, ಹೊಡೆದವರಲ್ಲ. ಮದುವೆಯಾದ ಮೂರನೆಯ ವರ್ಷ ಯಾವುದೋ ಕೆಲಸಕ್ಕೆ ಪುತ್ತೂರಿಗೆ ಹೋದಾಗ ಅವರೇ ಮನಸ್ಸು ಮಾಡಿ ಮ್ಯಾಟಿನಿಗೆ ಕರೆದುಕೊಂಡು ಹೋದರು. ಹಳೆಯ ಸಿನಿಮಾ, ಅಗ್ಗದ ಆಟ. ಶುರುವಾಗಿ ಐದು ನಿಮಿಷವಾಗುವಷ್ಟರಲ್ಲಿ ನನಗೆ ಗೊತ್ತಾಯಿತು, ಅದೇ.

ಕಾದು ಕೂತೆ. ಕ್ಲಾರಿಯೊನೆಟ್ ಬಂತು. ಒಬ್ಬ ಹೆಂಗಸು ಮೆಟ್ಟಿಲಿಳಿದಳು. ಕೆನ್ನೆ ಸೊರಗಿದ, ಕಣ್ಣು ತುಂಬಿದ ಹೆಂಗಸು. ಕೆಳಗೆ ಬಾಗಿಲಲ್ಲಿ ಒಬ್ಬ ನಿಂತಿದ್ದಾನೆ, ಒಳಗೆ ಬರಲೋ ಬೇಡವೋ ಎಂದು ಅವನಿಗೆ ಅನುಮಾನ. ನಾವು ಜಗಲಿಯಲ್ಲಿ ಕೂತು ಕೇಳಿದ್ದು ಪೂರ್ತಿ ತಪ್ಪಾಗಿರಲಿಲ್ಲ. ಸಂಗೀತ ಮಾಡಿದವರು ಆ ಹೆಂಗಸನ್ನು ಯಾರ ಹೆಂಡತಿಗೂ ಕಡಿಮೆಯಿಲ್ಲದ ಹಾಗೆ ಇಳಿಸಿದ್ದರು. ಅದನ್ನು ಕೇಳದವರು ಕುರ್ಚಿಯಲ್ಲಿ ಕೂತು ಶಿಳ್ಳೆ ಹೊಡೆದವರು. ನನಗೆ ಅಳು ತಡೆಯಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ಧಾಟಿಯನ್ನು ಮೆಲ್ಲಗೆ ಗುನುಗಿದೆ.

ಗಂಡ ತಿರುಗಿ ನೋಡಿದರು. “ಇದು ನಿನಗೆ ಮೊದಲೇ ಗೊತ್ತುಂಟಾ?”

“ಗೊತ್ತುಂಟು. ಮದುವೆಗೆ ಮೊದಲು ತುಂಬಾ ಸಲ ಕೇಳಿದ್ದೇನೆ” ಎಂದೆ. ಎಷ್ಟೋ ವರ್ಷದ ಮೇಲೆ ಒಬ್ಬರ ಹತ್ತಿರ ಹೇಳಿಕೊಳ್ಳುವ ಆಸೆಯಾಗಿತ್ತು.

ಅವರು ಪರದೆಯ ಕಡೆ ತಿರುಗಿದರು. ದನಿ ಏರಿಸದೆ, “ಯಾರೊಟ್ಟಿಗೆ ನೋಡಿದ್ದು?” ಎಂದು ಕೇಳಿದರು.

ಕೇಳಿದ್ದು, ನೋಡಿದ್ದಲ್ಲ ಎಂದು ಮತ್ತೆ ಮೊದಲಿನಿಂದ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ಸುಮ್ಮನಿದ್ದೆ. ಅವರೂ ಮತ್ತೆ ಕೇಳಲಿಲ್ಲ, ಕಡೆಯವರೆಗೂ ಕೇಳಲಿಲ್ಲ. ನಾನು ಯಾರದೋ ಜೊತೆ ಕೂತು ಆ ಸಿನಿಮಾ ನೋಡಿದವಳೆಂದು ನಂಬಿಕೊಂಡೇ ಅವರು ನನ್ನ ಜೊತೆ ಸಂಸಾರ ಮಾಡಿದರು.