ಲಗ್ನಪತ್ರಿಕೆ ನೋಡಿ ಸಿಡಿ ಕೊಟ್ಟವನು

ಭದ್ರಾವತಿಯಲ್ಲಿ ಸಿಡಿ ಜನಾರ್ದನ ಎಂದರೆ ಈಗಲೂ ನಾಲ್ಕು ಜನ ಗುರುತು ಹಿಡಿಯುತ್ತಾರೆ, ಅವರಲ್ಲಿ ಇಬ್ಬರು ಮುಖ ತಿರುಗಿಸುತ್ತಾರೆ. ನಾನೇ ಆ ಜನಾರ್ದನ. ಈಗ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಗೇಟು ಕಾಯುತ್ತೇನೆ. ಎರಡು ಸಾವಿರದ ಮೂರರಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೇ ಸಿಡಿ ಅಂಗಡಿ ಇತ್ತು. ಮುಂದಿನ ಕಪಾಟಿನಲ್ಲಿ ಸಿನಿಮಾ, ಭಕ್ತಿಗೀತೆ. ಕೌಂಟರಿನ ಕೆಳಗೆ, ಶಿವಮೊಗ್ಗದಿಂದ ಪೇಪರಿನಲ್ಲಿ ಸುತ್ತಿ ತರುತ್ತಿದ್ದ ನೀಲಿಚಿತ್ರಗಳು.

ಅದರಲ್ಲೂ ನನಗೊಂದು ನೀತಿ ಇತ್ತು, ನಗಬೇಡಿ. ಮದುವೆಯಾದವರಿಗೆ ಮಾತ್ರ ಬಾಡಿಗೆಗೆ ಕೊಡುತ್ತಿದ್ದೆ. ಬಾಯಿಮಾತಿಗೆ ಒಪ್ಪುವವನೂ ಅಲ್ಲ. ಹೊಸಬರು ತಮ್ಮ ಲಗ್ನಪತ್ರಿಕೆ ತಂದು ತೋರಿಸಬೇಕು. ಒಮ್ಮೆ ಪಾಲಿಟೆಕ್ನಿಕ್ ಹುಡುಗನೊಬ್ಬ ಅಣ್ಣನ ಪತ್ರಿಕೆ ತಂದಿದ್ದ. ವರನ ಹೆಸರಿನ ಮುಂದಿದ್ದ ಡಿಗ್ರಿ ನೋಡಿಯೇ ಹಿಡಿದುಬಿಟ್ಟೆ. ಅರ್ಧ ಗಂಟೆ ಬುದ್ಧಿ ಹೇಳಿ, ಹೋಗಿ ಓದ್ಕೋ ಮಾರಾಯ ಎಂದು ಕಳಿಸಿ, ಊರಿನ ಹುಡುಗರನ್ನೆಲ್ಲ ಉದ್ಧಾರ ಮಾಡಿದವನಂತೆ ಆ ದಿನವಿಡೀ ಬೀಗಿದೆ.

ಟ್ಯೂಷನ್ ವೀರಪ್ಪ ಮೇಷ್ಟ್ರು ಬಂದಾಗ ಮಾತ್ರ ಪತ್ರಿಕೆ ಕೇಳಲಿಲ್ಲ. ಅವರ ಮಗಳ ಮದುವೆಯಲ್ಲೇ ನಾನು ಹೋಳಿಗೆ ಉಂಡಿದ್ದೆ. ಮನೆಯಲ್ಲೇ ಗಣಿತ ಹೇಳಿಕೊಡುವ ದೊಡ್ಡ ಮನುಷ್ಯ. ಸ್ಟೂಲು ಒರೆಸಿ ಕೂರಿಸಿದೆ. ಆಮೇಲೆ ಪ್ರತಿ ಶನಿವಾರ ಬಂದರು. ಹೊಸದು ಬಂದರೆ ಮೊದಲು ಅವರಿಗೇ ಎತ್ತಿಡುತ್ತಿದ್ದೆ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಶಾಂತಮ್ಮ ಅಂಗಡಿಗೆ ಬಂದರು. ಹೊಳೆಹೊನ್ನೂರು ಕಡೆಯವರು, ಮಗಳು ಸ್ಫೂರ್ತಿಯ ಪಿಯುಸಿಗೆಂದು ನಮ್ಮ ಬೀದಿಯಲ್ಲೇ ಮನೆ ಮಾಡಿದ್ದರು. ಹುಡುಗಿ ವೀರಪ್ಪ ಮೇಷ್ಟ್ರ ಮನೆಗೇ ಟ್ಯೂಷನ್ನಿಗೆ ಹೋಗುತ್ತಿದ್ದಳು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

"ಅಣ್ಣ, ಮೇಷ್ಟ್ರು ನನ್ನ ಮಗಳಿಗೆ ಕೊಳಕು ಸಿಡಿ ಹಾಕಿ ತೋರಿಸಿದಾರೆ. ನೋಡು, ಎಲ್ಲಾ ಹುಡುಗೀರೂ ಹಿಂಗೇ ಇರ್ತಾರೆ, ನೀನೊಬ್ಳೇ ಹಳ್ಳಿ ಪೆದ್ದಿ ಅಂತ ಹೇಳಿ ಹೇಳಿ ಅವಳ ಮೈ ಮುಟ್ಟಿದಾರೆ. ಮೂರು ತಿಂಗಳಿಂದ. ಈಗ ಸ್ಟೇಷನ್ನಲ್ಲಿ, ನಮ್ಮನೇಲಿ ಅಂಥ ಸಿಡಿನೇ ಇರ್ಲಿಲ್ಲ, ಹುಡುಗಿ ಸುಳ್ಳು ಹೇಳ್ತಾಳೆ ಅಂತಾರೆ. ಕವರಿನ ಮೇಲೆ ನಿಮ್ಮಂಗಡಿ ಸೀಲು ಇತ್ತಂತೆ. ಕೊಟ್ಟಿದ್ದು ನಾನು ಅಂತ ಒಂದು ಮಾತು ಹೇಳಿ. ಇಲ್ದಿದ್ರೆ ಅವಳನ್ನ ಯಾರೂ ನಂಬಲ್ಲ."

"ನಾನು ಅಂಥದ್ದು ಇಡೋದೇ ಇಲ್ಲ ಶಾಂತಮ್ಮ" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಅವರು ಹೋದ ಮೇಲೆ ಶಟರ್ ಎಳೆದು, ಕೌಂಟರಿನ ಕೆಳಗಿದ್ದುದನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಸುಟ್ಟುಬಿಡೋಣ ಎಂದು ಮನೆಗೆ ಒಯ್ದೆ. ಹೆಂಡತಿಗೆ ವಿಷಯ ಹೇಳಿದೆ. ನನ್ನದೇನು ತಪ್ಪು, ಮೀಸೆ ಬರದ ಒಬ್ಬ ಹುಡುಗನಿಗೂ ಕೊಟ್ಟವನಲ್ಲ ಎಂದು ವಾದವನ್ನೂ ಮಂಡಿಸಿದೆ. ಅವಳು ಒಲೆ ಆರಿಸಿ ಬಂದಳು.

"ಹುಡುಗರನ್ನ ಕಾಯ್ದ್ರಿ, ಸರಿ. ಆ ಹುಡುಗಿ ಗತಿ ಏನು? ಈ ಚೀಲ ಸ್ಟೇಷನ್ನಿಗೆ ತಗೊಂಡು ಹೋಗಿ. ನೀವು ಹೋಗದಿದ್ರೆ ನಾನು ಹೋಗ್ತೀನಿ."

ಧೈರ್ಯ ಬಂದು ಹೋದೆ ಎಂದು ಬರೆದರೆ ನೀವು ನಂಬಿಬಿಡಬಹುದು. ಅವಳು ನಿಜಕ್ಕೂ ಹೋಗಿಬಿಡುತ್ತಾಳೆ ಎಂಬ ಹೆದರಿಕೆಗೆ ಹೋದೆ. ನನ್ನ ಮೇಲೂ ಕೇಸಾಯಿತು, ಅಂಗಡಿ ಮುಚ್ಚಿತು.

ಎರಡು ವರ್ಷದ ನಂತರ ಶಿವಮೊಗ್ಗದ ಕೋರ್ಟಿನಲ್ಲಿ ಸಾಕ್ಷಿ ಹೇಳಿದೆ. "ಲಗ್ನಪತ್ರಿಕೆ ನೋಡಿ ಕೊಡ್ತಿದ್ರಾ?" ಎಂದು ಮೇಷ್ಟ್ರ ವಕೀಲರು ಕೇಳಿದಾಗ ಜನ ನಕ್ಕರು. ಹೌದು ಸ್ವಾಮಿ ಎಂದೆ, ಇನ್ನೂ ನಕ್ಕರು. ಆದರೂ ಯಾವ ಶನಿವಾರ ಯಾವ ಸಿಡಿ ಎಂದು ನೆನಪಿದ್ದಷ್ಟನ್ನೂ ಹೇಳಿದೆ. ಸ್ಫೂರ್ತಿಯ ಮಾತಿಗೆ ಅದು ಸರಿಹೊಂದಿತು. ಮೇಷ್ಟ್ರಿಗೆ ಶಿಕ್ಷೆಯಾಯಿತು.

ತೀರ್ಪಿನ ದಿನ ಕೋರ್ಟಿನ ವರಾಂಡದಲ್ಲಿ ಹುಡುಗಿ ನನ್ನ ಕಡೆಗೇ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡು, ನಾಚಿಕೆಗೆಟ್ಟವನು ನಾನು, ಅದೆಲ್ಲ ಯಾಕಮ್ಮ ಎನ್ನಲು ತಯಾರಾಗಿ ನಿಂತೆ.

"ಅಂಕಲ್, ಆ ಸಿಡಿಯಲ್ಲಿ ಇದ್ದ ಹುಡುಗಿ ಅಳ್ತಿದ್ಲು. ನನಗೆ ಗೊತ್ತಾಯ್ತು. ಕೊಡೋ ಮೊದಲು ನೀವು ಅದನ್ನ ನೋಡಿರ್ಲಿಲ್ವಾ?"

ನೋಡಿದ್ದೆ. ಬಾಡಿಗೆಗೆ ಬಿಡುವ ಮೊದಲು ಪ್ರತಿಯೊಂದನ್ನೂ ಅಂಗಡಿಯ ಟಿವಿಗೆ ಹಾಕಿ, ಶುರುವಿನಿಂದ ಕೊನೆಯವರೆಗೂ ನೋಡುತ್ತಿದ್ದೆ, ಎಲ್ಲಾದರೂ ಗೀರು ಬಿದ್ದಿದೆಯೋ ಎಂದು.