ಮಾಳಪ್ಪ ಕುರಿ ಕರೆದ ಮಧ್ಯಾಹ್ನ

ಕೊರೊನಾ ಹಾವಳಿ ತಗ್ಗಿದ ಮರುವರ್ಷ. ನಾನಾಗ ಮಹಾರಾಷ್ಟ್ರದ ಗಡಿಯೂರು ಉದಗೀರದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆ. ಜನರ ಬಾಯಲ್ಲಿ ‘ಭೂಲ್ ಕೊಡೋ ಬಾಯಿ’. ಈ ಕಡೆಯ ಮರಾಠಿಯಲ್ಲಿ ಭೂಲ್ ಎಂದರೆ ಅರಿವಳಿಕೆ, ಬಾಯಿ ಎಂದರೆ ಅಮ್ಮ. ಇಪ್ಪತ್ತೆರಡು ವರ್ಷ ಭೂಲ್ ಕೊಟ್ಟವಳಿಗೆ ನೋವಿನ ವಿಷಯ ಯಾರೂ ಕಲಿಸಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಅದನ್ನು ಇಳಿಸಿದವರು ಹತ್ತಿರದ ವಲಾಂಡಿಯ ಕುರಿಗಾರ ಮಾಳಪ್ಪ ಮತ್ತು ಅವರ ಹೆಂಡತಿ ಸುಂದರಬಾಯಿ.

ಅರವತ್ತು ದಾಟಿದ ಮಾಳಪ್ಪ ಹೊಟ್ಟೆ ಕಲ್ಲಾಗಿ ಬಂದಾಗ ಪೆಟ್ಟು ಬಿದ್ದು ಮೂರು ದಿನವಾಗಿತ್ತು. ‘ಬದುವಿನ ಮ್ಯಾಲಿಂದ ಜಾರಿ ಬಿದ್ದೀನ್ರೀ’ ಎಂದರು. ಸಣ್ಣಕರುಳು ತೂತಾಗಿ, ಸೋಂಕು ಮೈಗೆಲ್ಲ ಹಬ್ಬಿ ಬಿ.ಪಿ. ಕುಸಿದಿತ್ತು, ಸೆಪ್ಸಿಸ್ ಎನ್ನುವುದು ಇದನ್ನೇ. ಸರ್ಜನ್ ಹೊಟ್ಟೆಯನ್ನು ಉದ್ದಕ್ಕೆ ಬಿಚ್ಚಿ, ತೊಳೆದು, ಕರುಳು ಹೊಲಿದರು. ಮರುದಿನ ವೆಂಟಿಲೇಟರ್ ತೆಗೆದೆವು.

ಅದರ ಮರುದಿನ ಉಸಿರು ಮೊಟಕಾಯಿತು, ಆಕ್ಸಿಜನ್ ಇಳಿಯತೊಡಗಿತು. ಬೀಡಿ ಸೇದಿ ದಣಿದ ಶ್ವಾಸಕೋಶ. ಕೆಮ್ಮಿ ಕಫ ಹೊರಹಾಕದಿದ್ದರೆ ಮತ್ತೆ ವೆಂಟಿಲೇಟರ್. ಎರಡನೆಯ ಸಲ ಅದರಿಂದ ಹೊರಬರುತ್ತಾರೆಂಬ ಭರವಸೆ ನನಗಿರಲಿಲ್ಲ.

ನೋವಿಗೆ ಉಸಿರು ಬಿಗಿಹಿಡಿದಿದ್ದಾರೋ ಎಂದು ಮತ್ತೆ ಮತ್ತೆ ಕೇಳುತ್ತಿದ್ದೆ. ‘ಮಾಮಾ, ಹತ್ತರಾಗ ಎಷ್ಟು ನೋವು?’

‘ಏನಿಲ್ರೀ ಬಾಯಿ. ಮಸ್ತ್ ಆರಾಮ ಅದೀನ್ರಿ.’

ನಾನು ಚಾರ್ಟಿನಲ್ಲಿ ಸೊನ್ನೆ ಬರೆಯುತ್ತಿದ್ದೆ. ಉಸಿರೆಳೆದು ಚೆಂಡು ಏಳಿಸುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟರೆ ಒಂದೂ ಚೆಂಡು ಏಳಲಿಲ್ಲ. ನನಗೆ ಸಿಟ್ಟು ಬಂತು. ‘ಮಾವಶಿ, ಇವ್ರು ಮನಸ್ಸೇ ಮಾಡವಲ್ರು’ ಎಂದು ಅವರ ಹೆಂಡತಿಯ ಮೇಲೆ ರೇಗಿದೆ.

ಸುಂದರಬಾಯಿ ಸೆರಗಿನಿಂದ ಗಂಡನ ಹಣೆ ಒರೆಸುತ್ತಿದ್ದರು. ‘ಅವ್ರು ನೋವು ಹೇಳೋರಲ್ರೀ. ನಿಮಗ ಬ್ಯಾಸರ ಆಗ್ತದಂತ ಸುಮ್ಮ ಇರ್ತಾರ. ಅಡವ್ಯಾಗ ಕೂಗಿದಂಗ ಕೂಗಿ ಕುರಿ ಕರೀರಿ ಅಂತ ಹೇಳ್ರಿ, ನಿಮಗೇ ಗೊತ್ತಾಗ್ತದ.’

ಹೇಳಿದೆ. ಮಾಳಪ್ಪ ತುಟಿ ಕೂಡಿಸಿ ಅರ್ಧ ಉಸಿರೆಳೆದರು, ಅಷ್ಟೇ. ಎರಡೂ ಕೈ ಹೊಟ್ಟೆಗೆ ಹೋದವು, ಕಣ್ಣಲ್ಲಿ ನೀರು ತುಂಬಿತು. ‘ಬರವಲ್ದ್ರೀ’ ಎಂದರು. ಅಯ್ಯೋ, ಆ ಸೊನ್ನೆಗಳನ್ನೆಲ್ಲ ಬರೆದವಳು ನಾನೇ! ನಾಚಿಕೆಯಾಯಿತು.

ಮಾರ್ಫಿನ್ ಹೆಚ್ಚಿಸಿದರೆ ಉಸಿರು ಇನ್ನೂ ಕುಗ್ಗುತ್ತದೆ, ಕರುಳೂ ಮಂದವಾಗುತ್ತದೆ. ಬೆನ್ನಿಗೆ ನೋವು ತಡೆಯುವ ಎಪಿಡ್ಯೂರಲ್ ನಳಿಕೆ ಹಾಕೋಣವೆಂದರೆ ಅದು ಬಿ.ಪಿ. ಇಳಿಸುತ್ತದೆ, ಇವರದು ಇನ್ನೂ ಔಷಧಿಯ ಆಸರೆಯಲ್ಲಿತ್ತು. ಪ್ಲೇಟ್‌ಲೆಟ್ ಕಡಿಮೆ, ಬೆನ್ನೊಳಗೆ ರಕ್ತ ಸೋರಿ ಕಟ್ಟಿಕೊಳ್ಳುವ ಭಯ. ಉಳಿದದ್ದು ನರ್ವ್ ಬ್ಲಾಕ್, ಅಂದರೆ ಹೊಟ್ಟೆಯ ಗೋಡೆಯ ನರಗಳನ್ನಷ್ಟೇ ಮರಗಟ್ಟಿಸುವುದು. ಅಲ್ಟ್ರಾಸೌಂಡ್ ನೋಡುತ್ತ, ಹೊಲಿಗೆಯ ಎರಡೂ ಬದಿ, ಸ್ನಾಯುವಿನ ಹಿಂದಿನ ಪದರದಲ್ಲಿ ನಿಧಾನಕ್ಕೆ ಔಷಧಿ ಬಿಟ್ಟೆ.

ಅರ್ಧ ಗಂಟೆ ಬಿಟ್ಟು, ‘ಈಗ ಕರೀರಿ ಮಾಮಾ’ ಅಂದೆ.

‘ಹುರ್ರ್ರ್ಯೋ...!’

ದನಿ ಒಡಕಲೇ. ಆದರೂ ಬಾಗಿಲಿನಾಚೆ ಕೂತಿದ್ದವರು ಎದ್ದುನಿಂತರು. ಹಿಂದೆಯೇ ಕೆಮ್ಮು ಬಂತು, ಕಫ ಬಂತು. ಸಿಸ್ಟರ್ ನಕ್ಕಳು, ನಾನು ಅತ್ತೆ. ಮುಂದೆ ದಿನಕ್ಕೆರಡು ಸಲ ಬ್ಲಾಕ್, ಗಂಟೆಗೊಮ್ಮೆ ಕುರಿ ಕರೆಯುವುದು. ಚೆಂಡಿನ ಡಬ್ಬಿ ಮೂಲೆ ಸೇರಿತು. ಮೂರು ದಿನಕ್ಕೆ ಆಕ್ಸಿಜನ್ ತೆಗೆದೆವು.

ಹೆಂಡತಿ ಚಹಾ ತರಲು ಹೋದಾಗ ಮಾಳಪ್ಪ ಪಿಸುಗುಟ್ಟಿದರು: ‘ನಾ ಬಿದ್ದಿಲ್ರೀ ಬಾಯಿ. ನಮ್ಮ ಟಗರೇ ಹಾಯ್ದದ. ತಾಯಿ ಸತ್ತ ಮರಿ ಅಂತ ಆಕಿ ಬಾಟ್ಲಿ ಹಾಲು ಕುಡಿಸಿ ಬೆಳಸ್ಯಾಳ. ತಿಳಿದ್ರ ತನ್ನ ತಪ್ಪಂತ ಅಳ್ತಾಳ. ಹೇಳಬ್ಯಾಡ್ರಿ.’

ಮನೆಗೆ ಕಳಿಸುವ ದಿನ ಸುಂದರಬಾಯಿ ನನ್ನನ್ನು ಬದಿಗೆ ಕರೆದರು. ‘ಮೈ ಒರಸುವಾಗ ಪಕ್ಕಡಿ ಮ್ಯಾಲ ಕೊಂಬಿನ ಗುರುತು ನೋಡೀನ್ರಿ. ಟಗರಿಂದೇ ಕೆಲಸ. ನನಗ ಗೊತ್ತದಂತ ಅವ್ರಿಗಿ ಹೇಳಬ್ಯಾಡ್ರಿ, ನೊಂದ್ಕೋತಾರ.’

ಇಬ್ಬರ ಗುಟ್ಟನ್ನೂ ಕಾಪಾಡಿದೆ. ಇಲ್ಲಿಯ ಹೆಸರುಗಳೂ ನಿಜವಲ್ಲ. ಬ್ಲಾಕ್ ಹಾಕುವುದನ್ನು ನನಗೆ ಗುರುಗಳು ಕಲಿಸಿದ್ದರು. ಯಾರಿಗೆ ಹಾಕಬೇಕೆಂದು ತಿಳಿಯುವುದನ್ನು ಸುಂದರಬಾಯಿ ಕಲಿಸಿದರು. ಈಗಲೂ ರೋಗಿ ‘ಆರಾಮ ಅದೀನ್ರಿ’ ಅಂದರೆ, ಪೆನ್ನು ತೆಗೆಯುವ ಮೊದಲು ಪಕ್ಕದಲ್ಲಿ ಕೂತವರ ಮುಖ ನೋಡುತ್ತೇನೆ.